ನಾರ್ಸ್ ಪುರಾಣದ ಕಡಲ ದೇವರು ನ್ಯೋರ್ಡನೋ ಏಗಿರನೋ? (ಒಂದು ಕುಕ್ಕರಿನ ಪ್ರಶ್ನೆ)

ಅರ್ಧ ಅಂಕ
ಹೋದ ಭಾನುವಾರ ನಮ್ಮ ವಸತಿ ಸಮುಚ್ಚಯದಲ್ಲಿ ರಸಪ್ರಶ್ನೆ ಸ್ಪರ್ಧೆ ಇತ್ತು. ಕೊನೆಯ ಸುತ್ತಿಗೆ ಬರುವಾಗ ನಮ್ಮ ತಂಡವೂ ಎದುರಿನ ತಂಡವೂ ಸಮಸಮ. ಪ್ರಶ್ನೆ ಬಂತು: "ನಾರ್ಸ್ ಪುರಾಣದಲ್ಲಿ ಕಡಲ ದೇವರು ಯಾರು?" ನಾನು ಮೊದಲು ಗುಂಡಿ ಒತ್ತಿ "ಏಗಿರ್" ಎಂದೆ. ತಪ್ಪು ಎಂದರು. ಎದುರಿನವರು "ನ್ಯೋರ್ಡ್" ಎಂದರು, ಐದು ಲೀಟರಿನ ಕುಕ್ಕರ್ ಅವರ ಮನೆಗೆ ಹೋಯಿತು.

ಮನೆಗೆ ಬಂದು ನಾರ್ವೆ, ಸ್ವೀಡನ್, ಐಸ್‌ಲ್ಯಾಂಡ್ ಕಡೆಯ ಈ ಹಳೆಯ ಪುರಾಣವನ್ನು ಹುಡುಕಿದರೆ ತಲೆ ಇನ್ನಷ್ಟು ಕೆಟ್ಟಿತು. ಒಂದು ಕಡೆ ನ್ಯೋರ್ಡ್ ಕಡಲ ದೇವರು, ಇನ್ನೊಂದು ಕಡೆ ಅವನೇ ಫಲವಂತಿಕೆಯ ದೇವರು, ಮತ್ತೊಂದು ಕಡೆ ಕಡಲಿನ ಒಡೆಯ ಏಗಿರನೇ. ಹಾಗಾದರೆ ನನ್ನ ಉತ್ತರ ನಿಜಕ್ಕೂ ತಪ್ಪೇ? ಅದಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದು ಇನ್ನೊಂದು: ಬೆಳೆ, ಮಕ್ಕಳುಮರಿ ಕೊಡುವ ದೇವರಿಗೂ ಕಡಲಿಗೂ ಏನು ಸಂಬಂಧ? ಗದ್ದೆಗೆ ಉಪ್ಪುನೀರು ನುಗ್ಗಿದರೆ ಆ ವರ್ಷದ ಬೆಳೆಯ ಕಥೆ ಮುಗಿಯಿತು ಎಂಬುದು ಎಲ್ಲರಿಗೂ ಗೊತ್ತಿರುವ ಮಾತಲ್ಲವೇ?

ಗೊರಕೆ ಗಣಪ
ಕುಕ್ಕರ್ ಹೋದ ದುಃಖದಲ್ಲಿ ದೇವರ ಮೇಲೆ ಕೋಪ ಮಾಡಿಕೊಂಡವರನ್ನು ನೋಡಿದ್ದೇನೆ. ಎರಡು ದೇವರ ನಡುವೆ ಜಗಳ ಹಚ್ಚಿದವರನ್ನು ಇವತ್ತೇ ನೋಡುತ್ತಿರುವುದು.

ತಾಳೆಗರಿ
ಸ್ಪರ್ಧೆ ನಡೆಸಿದವರ ಪರವಾಗಿ ಒಂದು ಮಾತು, ಬೈಯಬೇಡಿ. "ದೇವರು" ಎಂದು ಕೇಳಿದರೆ ನ್ಯೋರ್ಡನೇ ಉತ್ತರ. ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 1220ರ ಸುಮಾರಿಗೆ ಬರೆದ ಎಡ್ಡಾ ಎಂಬ ಪುರಾಣಗ್ರಂಥದಲ್ಲಿ ಇದು ಸ್ಪಷ್ಟವಾಗಿದೆ. ನ್ಯೋರ್ಡ್ ಇರುವುದು ನೋವಾಟೂನ್ ಎಂಬಲ್ಲಿ. ಗಾಳಿಯ ಓಟ ಅವನ ಕೈಯಲ್ಲಿದೆ, ಕಡಲನ್ನೂ ಬೆಂಕಿಯನ್ನೂ ತಣ್ಣಗಾಗಿಸುವವನು ಅವನೇ. ಕಡಲಯಾನಕ್ಕೆ ಹೊರಡುವವರು, ಮೀನಿಗೆ ಹೋಗುವವರು ಅವನನ್ನು ಬೇಡಬೇಕು. ಕೇಳಿದವರಿಗೆ ಭೂಮಿಯನ್ನೂ ಹಣವನ್ನೂ ಕೊಡಬಲ್ಲಷ್ಟು ಸಿರಿವಂತ.

ಏಗಿರ್ ಯೋಟುನ್ ಕುಲದವನು. ಯೋಟುನ್ ಎಂದರೆ ದೈತ್ಯ ಎಂದು ಅನುವಾದಿಸುತ್ತಾರೆ. ಕನ್ನಡದಲ್ಲಿ ಆ ಪದ ಚೆನ್ನಾಗಿಯೇ ಹೊಂದುತ್ತದೆ, ಏಕೆಂದರೆ ದಿತಿಯ ಮಕ್ಕಳು ಅದಿತಿಯ ಮಕ್ಕಳ ದಾಯಾದಿಗಳೇ ಹೊರತು ಬರೀ ಎತ್ತರದ ಆಸಾಮಿಗಳಲ್ಲ. ಅಲ್ಲಿಯೂ ಹಾಗೆಯೇ: ಮದುವೆ, ಊಟ, ಜಗಳ ಎಲ್ಲವೂ ಎರಡು ಕುಲಗಳ ನಡುವೆ ನಡೆಯುತ್ತಲೇ ಇರುತ್ತದೆ.

ಎರಡನೇ ಸಾಲು
ತಾಳೆಗರಿ ಸರ್, ಕುಲದ ಲೆಕ್ಕ ಹಿಡಿದರೆ ನಿಮ್ಮ ವಾದ ನಿಮಗೇ ತಿರುಗುತ್ತದೆ. ನ್ಯೋರ್ಡ್ ಓಡಿನ್, ಥಾರ್ ಇರುವ ಏಸಿರ್ ಕುಲದವನಲ್ಲ ಎಂದು ಅದೇ ಸ್ನೋರಿ ಅದೇ ಜಾಗದಲ್ಲಿ ಹೇಳುತ್ತಾನೆ. ಅವನು ವಾನಿರ್ ಕುಲದವನು. ಎರಡು ಕುಲಗಳಿಗೂ ಯುದ್ಧವಾಗಿ, ಯಾರೂ ಗೆಲ್ಲದೆ, ಕೊನೆಗೆ ಒತ್ತೆಯಾಳುಗಳನ್ನು ಬದಲಾಯಿಸಿಕೊಂಡಾಗ ಈ ಕಡೆ ಬಂದವನು. ಅಂದರೆ ಒತ್ತೆಯಾಳಾಗಿ ಬಂದವನಿಗೆ ಕುಕ್ಕರ್, ಮನೆಯಲ್ಲಿ ದೇವರುಗಳಿಗೆಲ್ಲ ಔತಣ ಹಾಕಿದ ಏಗಿರನಿಗೆ ಸೊನ್ನೆ. ಇದು ಯಾವ ನ್ಯಾಯ?

ಅರ್ಧ ಅಂಕ
ಎರಡನೇ ಸಾಲು ಅವರೇ, ಮುಂದಿನ ಸ್ಪರ್ಧೆಗೆ ನೀವು ನಮ್ಮ ತಂಡಕ್ಕೆ ಬನ್ನಿ.

ತಾಳೆಗರಿ
ಒಪ್ಪಿದೆ, ಆದರೆ ಒಂದು ತಿದ್ದುಪಡಿ ಇದೆ. ಒತ್ತೆಯಾಳಾಗಿ ಬಂದವನನ್ನು ಅಲ್ಲಿನ ಜನ ದೇವರೆಂದೇ ಪೂಜಿಸಿದರು. ನ್ಯೋರ್ಡನ ಹೆಸರಿನಲ್ಲಿ ಪಾನದ ಬಟ್ಟಲು ಎತ್ತುತ್ತಿದ್ದರು, ಪ್ರಮಾಣ ಮಾಡುತ್ತಿದ್ದರು, ಊರುಗಳಿಗೆ ಅವನ ಹೆಸರಿಟ್ಟರು. ಏಗಿರನಿಗೆ ಪೂಜೆ ಸಲ್ಲಿಸಿದರೆಂಬುದಕ್ಕೆ ಅಂಥ ಕುರುಹು ಸಿಕ್ಕಿಲ್ಲ. ವ್ಯತ್ಯಾಸ ಇರುವುದು ಕುಲದಲ್ಲಿ ಅಲ್ಲ, ಹರಕೆಯಲ್ಲಿ.

ಬರ್ಗನ್ ಮಳೆ
ನಾನು ಎಂಟು ವರ್ಷಗಳಿಂದ ನಾರ್ವೆಯ ಬರ್ಗನ್‌ನಲ್ಲಿದ್ದೇನೆ. ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿನ ನೆಲ ನೋಡಿದರೆ ಸಿಗುತ್ತದೆ. ಈ ದೇಶದಲ್ಲಿ ಉಳುಮೆಗೆ ಒಗ್ಗುವ ಭೂಮಿ ನೂರಕ್ಕೆ ಮೂರರಷ್ಟು ಮಾತ್ರ. ನನ್ನ ಕಿಟಕಿಯಿಂದ ನೋಡಿದರೆ ಬೆಟ್ಟ ನೇರವಾಗಿ ನೀರಿಗೆ ಇಳಿದಿದೆ, ನಡುವೆ ಒಂದು ಅಂಗೈಯಗಲ ಹಸಿರು. ಅಷ್ಟು ಹೊಲದಲ್ಲಿ ಬಾರ್ಲಿ ಬೆಳೆದು, ನಾಲ್ಕು ಹಸು ಕಟ್ಟಿಕೊಂಡು ಯಾರೂ ಬದುಕಲಾಗದು. ಹಿಂದೆ ಇಲ್ಲಿನ ರೈತ ಚಳಿಗಾಲದಲ್ಲಿ ದೋಣಿ ಇಳಿಸುತ್ತಿದ್ದ, ಬೇಸಿಗೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ. ರೈತ, ಬೆಸ್ತ ಎಂಬುದು ಎರಡು ಜಾತಿಯಾಗಲಿ ಎರಡು ಕಸುಬಾಗಲಿ ಅಲ್ಲ, ಒಬ್ಬನೇ ಮನುಷ್ಯನ ಎರಡು ಋತು. ಹಾಗಿರುವಾಗ ಅವನಿಗೆ ಎರಡು ದೇವರು ಏಕೆ?

ಇನ್ನೊಂದು ವಿಷಯ. ಉತ್ತರದ ಲೊಫೋಟೆನ್ ದ್ವೀಪಗಳಲ್ಲಿ ಕಾಡ್ ಮೀನನ್ನು ಉಪ್ಪು ಹಾಕದೆ, ಬರೀ ಚಳಿಗಾಳಿಗೆ ಮರದ ಅಟ್ಟಣಿಗೆಯಲ್ಲಿ ನೇತುಹಾಕಿ ಒಣಗಿಸುತ್ತಾರೆ. ಈಗ ಜರ್ಮನಿಯಲ್ಲಿರುವ ಹೈಥಬು ಎಂಬ ವೈಕಿಂಗ್ ಪೇಟೆಯಲ್ಲಿ ಅಗೆದಾಗ ಸಿಕ್ಕ ಕಾಡ್ ಮೂಳೆಗಳ ಡಿಎನ್‌ಎ ಪರೀಕ್ಷಿಸಿದರೆ ಅವು ಆರ್ಕ್ಟಿಕ್ ಕಡಲಿನ ಮೀನುಗಳೆಂದು ತಿಳಿಯಿತು. ಅಂದರೆ ಸಾವಿರ ವರ್ಷದ ಹಿಂದೆಯೇ ಒಣಮೀನು ಅಷ್ಟು ದೂರ ಹೋಗುತ್ತಿತ್ತು. ಲೊಫೋಟೆನ್‌ನ ಬೋರ್ಗ್ ಎಂಬಲ್ಲಿ ಆ ಕಾಲದ ಒಡೆಯನೊಬ್ಬನ ಮನೆ ಸಿಕ್ಕಿದೆ, ಉದ್ದ 83 ಮೀಟರ್. ನ್ಯೋರ್ಡ್ ಸಿರಿವಂತ ಎಂದು ಸ್ನೋರಿ ಏಕೆ ಹೇಳಿದ ಎಂಬುದು ಆ ಮನೆಯ ಅಳತೆ ನೋಡಿದರೆ ಅರ್ಥವಾಗುತ್ತದೆ. ಐಸ್‌ಲ್ಯಾಂಡಿನ ಕಥೆಗಳಲ್ಲಿ "ನ್ಯೋರ್ಡನಷ್ಟು ಸಿರಿವಂತ" ಎಂಬ ಮಾತೇ ಇದೆ, ನಾವು ಕುಬೇರ ಎನ್ನುವ ಹಾಗೆ.

ಉಪ್ಪುಗಾಳಿ
ಇದು ಸರಿಯಾದ ಮಾತು. ನಾನು ಕರಾವಳಿಯವಳು. "ಮೀನಿನ ಬೆಳೆ" ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಆದರೆ ಮೀನು ಸಿಗದ ವರ್ಷಕ್ಕೆ ಬರ ಎಂದೇ ಹೇಳುತ್ತಾರೆ.

ನನಗೆ ತೋರುವುದು ಹೀಗೆ: ನ್ಯೋರ್ಡ್ ಕಡಲಲ್ಲ, ಕಡಲು ಕೊಡುವುದು. ನೋವಾಟೂನ್ ಎಂದರೇನು, ತಾಳೆಗರಿ ಸರ್? ಬಂದರು ತಾನೇ?

ತಾಳೆಗರಿ
ಹೌದು ಅಮ್ಮ, ಹಡಗುಗಳ ಆವರಣ ಎಂದರ್ಥ. ಬಂದರು ಎಂದರೆ ತಪ್ಪಿಲ್ಲ.

ಉಪ್ಪುಗಾಳಿ
ಹಾಗಾದರೆ ಮುಗಿಯಿತು. ಬಂದರಿನಲ್ಲಿ ಕುಳಿತವನು ದೋಣಿ ವಾಪಸ್ ಬರುವುದನ್ನು ಕಾಯುವವನು. ಆಳ ನೀರಿನಲ್ಲಿ ಇರುವವರು ಬೇರೆ. ಅವರಿಗೆ ಹರಕೆ ಹೊರುವುದಿಲ್ಲ, ಹೆದರುತ್ತಾರೆ ಅಷ್ಟೆ.

ಚುಕ್ಕಿಬಳ್ಳಿ
ಆಳ ನೀರಿನಲ್ಲಿ ಇರುವವಳ ಹೆಸರು ರಾನ್. ಏಗಿರನ ಹೆಂಡತಿ. ಅವಳ ಕೈಯಲ್ಲಿ ಒಂದು ಬಲೆ, ಮುಳುಗಿದವರನ್ನೆಲ್ಲ ಅದರಲ್ಲಿ ಬಾಚಿಕೊಳ್ಳುತ್ತಾಳೆ. ಹಳೆಯ ನಾರ್ಸ್‌ನಲ್ಲಿ "ರಾನ್" ಎಂದರೆ ಸುಲಿಗೆ. ಗಂಡನ ಹೆಸರಿಗೆ ಕಡಲು ಎಂದಷ್ಟೇ ಅರ್ಥ, ಹೆಂಡತಿಯದಕ್ಕೆ ದರೋಡೆ. ಜೋಡಿ ಚೆನ್ನಾಗಿದೆ.

ಫ್ರಿತ್ಯೋಫ್ ಎಂಬವನ ಕಥೆಯಲ್ಲಿ ಬಿರುಗಾಳಿಗೆ ಹಡಗು ಸಿಕ್ಕಿದಾಗ ಅವನು ತನ್ನ ಚಿನ್ನದ ಕಡಗವನ್ನು ತುಂಡು ಮಾಡಿ ಜೊತೆಯವರಿಗೆಲ್ಲ ಹಂಚುತ್ತಾನೆ. ರಾನ್‌ಳ ಮನೆಗೆ ನೆಂಟರಾಗಿ ಹೋಗುವಾಗ ಬರಿಗೈಯಲ್ಲಿ ಹೋಗಬಾರದಂತೆ. ಸಾಯುವ ಗಳಿಗೆಯಲ್ಲಿಯೂ ಆತಿಥ್ಯದ ಮರ್ಯಾದೆ! ಇದನ್ನು ಓದಿದ ದಿನ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಎರಡನೇ ಸಾಲು
ಅಳುವುದಾದರೆ ಏಗಿಲ್ ಸ್ಕಲ್ಲಗ್ರಿಮ್ಸನ್ ಕಥೆ ಓದಿ. (ಏಗಿರ್ ಅಲ್ಲ, ಏಗಿಲ್. 10ನೆಯ ಶತಮಾನದ ಐಸ್‌ಲ್ಯಾಂಡಿನ ಕವಿ, ಜೊತೆಗೆ ಕೊಲೆಗಾರ. ಎರಡೂ ಕಸುಬಿನಲ್ಲಿ ನಿಪುಣ.) ಅವನ ಪ್ರೀತಿಯ ಮಗ ಬೋದ್ವಾರ್ ದೋಣಿ ಮಗುಚಿ ಸತ್ತ. ಅಪ್ಪ ಮಗನನ್ನು ಮಣ್ಣು ಮಾಡಿ ಬಂದು, ಮಲಗುವ ಗೂಡಿನ ಬಾಗಿಲು ಹಾಕಿಕೊಂಡು, ಅನ್ನ ನೀರು ಬಿಟ್ಟು ಸಾಯಲು ಮಲಗಿದ. ಮಗಳು ತೋರ್ಗೆರ್ಡ್ ಬಂದಳು. ತಾನೂ ಸಾಯುತ್ತೇನೆ ಎಂದು ಒಳಗೆ ಹೋಗಿ ಪಕ್ಕದಲ್ಲಿ ಮಲಗಿದಳು. ಸ್ವಲ್ಪ ಹೊತ್ತಿಗೆ ಏನೋ ಅಗಿಯುವ ಸದ್ದು. "ಏನದು?" ಎಂದ. "ಕಡಲ ಪಾಚಿ. ಇದನ್ನು ತಿಂದರೆ ಬೇಗ ಸಾಯಬಹುದು" ಎಂದಳು. ಅವನೂ ಒಂದಿಷ್ಟು ಕೇಳಿ ಅಗಿದ. ಪಾಚಿಯ ಉಪ್ಪಿಗೆ ಬಾಯಾರಿಕೆ ಹತ್ತಿತು. ನೀರು ತರಿಸಿದಳು, ಕೊಂಬಿನಲ್ಲಿ ಬಂದದ್ದು ಹಾಲು. ಅಪ್ಪ ಒಂದೇ ಗುಟುಕಿಗೆ ಕುಡಿದುಬಿಟ್ಟ. "ಮೋಸ ಹೋದೆವು ಅಪ್ಪ, ಇದು ಹಾಲು. ಇನ್ನೇನು ಮಾಡುವುದು? ಸಾಯುವ ಮೊದಲು ತಮ್ಮನ ಮೇಲೆ ಒಂದು ಪದ್ಯವನ್ನಾದರೂ ಕಟ್ಟು, ನಾನು ಕೋಲಿನ ಮೇಲೆ ಕೆತ್ತುತ್ತೇನೆ" ಎಂದಳು. ಪದ್ಯ ಕಟ್ಟುತ್ತ ಕಟ್ಟುತ್ತ ಮುದುಕ ಎದ್ದು ಕುಳಿತ.

ಆ ಪದ್ಯದಲ್ಲಿ ರಾನ್ ತನ್ನನ್ನು ಸುಲಿದಳು ಎನ್ನುತ್ತಾನೆ. ಕತ್ತಿಯಿಂದ ಸೇಡು ತೀರಿಸಿಕೊಳ್ಳಬಹುದಾಗಿದ್ದರೆ ಏಗಿರನ ಕಥೆ ಮುಗಿಸುತ್ತಿದ್ದೆ ಎನ್ನುತ್ತಾನೆ. ಉಪ್ಪುಗಾಳಿ ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಏಗಿರ್ ಮತ್ತು ರಾನ್ ಜೊತೆ ಮಾಡಲು ಸಾಧ್ಯವಿರುವುದು ಜಗಳ ಮಾತ್ರ.

ಉಪ್ಪುಗಾಳಿ
ಕಡಲಿಗೆ ಹೋದವರು ಬಾರದ ಮನೆಗಳಲ್ಲಿ ಇಂಥದೇ ಹೆಣ್ಣುಮಕ್ಕಳು ಇರುತ್ತಾರೆ. ಹೆಚ್ಚು ಬರೆಯುವುದಿಲ್ಲ.

ಗೊರಕೆ ಗಣಪ
ವಾತಾವರಣ ಭಾರವಾಯಿತು, ನಾನು ಸ್ವಲ್ಪ ಹಗುರ ಮಾಡುತ್ತೇನೆ. ನ್ಯೋರ್ಡನ ಮದುವೆಯ ಕಥೆ ಇನ್ನೂ ಯಾರೂ ಹೇಳಿಲ್ಲವಲ್ಲ!

ಸ್ಕಾಡಿ ಎಂಬ ದೈತ್ಯಕನ್ಯೆಯ ಅಪ್ಪನನ್ನು ದೇವತೆಗಳು ಕೊಂದರು. ಅವಳು ಕವಚ ತೊಟ್ಟು, ಆಯುಧ ಹಿಡಿದು ಬಂದಳು. ರಾಜಿಗೆ ಕುಳಿತರು. ನಮ್ಮಲ್ಲೇ ಒಬ್ಬನನ್ನು ಗಂಡನಾಗಿ ಆರಿಸಿಕೋ, ಆದರೆ ಪಾದ ಮಾತ್ರ ನೋಡಿ ಆರಿಸಬೇಕು ಎಂದರು. ಅತ್ಯಂತ ಚೆಂದದ ಪಾದ ದೇವತೆಗಳಲ್ಲಿ ಚೆಲುವನಾದ ಬಾಲ್ಡರನದೇ ಇರಬೇಕೆಂದು ಲೆಕ್ಕ ಹಾಕಿ ಒಂದು ಜೋಡಿಯನ್ನು ತೋರಿಸಿದಳು. ಪರದೆ ಸರಿಸಿದರೆ ನಮ್ಮ ನ್ಯೋರ್ಡ್, ವಯಸ್ಸಿಗೆ ಬಂದ ಎರಡು ಮಕ್ಕಳ ತಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ತನ್ನನ್ನು ನಗಿಸಬೇಕು ಎಂಬುದು ಅವಳ ಇನ್ನೊಂದು ಷರತ್ತು. ದೇವತೆಗಳ ನಡುವಿನ ತಂಟೆಕೋರ ಲೋಕಿ ಒಂದು ಆಡಿನ ಗಡ್ಡಕ್ಕೂ ತನ್ನ ಶರೀರದ ಒಂದು ಭಾಗಕ್ಕೂ ಹಗ್ಗ ಕಟ್ಟಿ ಎಳೆದಾಡಿದ. ಯಾವ ಭಾಗ ಎಂದು ಇಲ್ಲಿ ಬರೆಯುವುದಿಲ್ಲ, ಇದು ಸಂಸಾರಸ್ಥರ ವೇದಿಕೆ. ಇಬ್ಬರೂ ಕಿರುಚಿದರು, ಅವಳು ನಕ್ಕಳು.

ಚುಕ್ಕಿಬಳ್ಳಿ
ಅಷ್ಟು ಚೆಂದದ ಪಾದ ಏಕೆ? ಸದಾ ನೀರಿನಲ್ಲಿ ತೊಳೆದುಕೊಂಡಿರುವುದರಿಂದ ಎಂದು ನನ್ನ ಊಹೆ.

ಆಮೇಲಿನ ಭಾಗವೇ ನನಗೆ ಇಷ್ಟ. ಅವಳಿಗೆ ಬೆಟ್ಟದ ತವರು ಬೇಕು, ಅವನಿಗೆ ಕಡಲು ಬೇಕು. ಒಂಬತ್ತು ರಾತ್ರಿ ಅವಳ ಮನೆಯಲ್ಲಿ, ಆಮೇಲೆ ಅವನ ಮನೆಯಲ್ಲಿ ಎಂದು ಒಪ್ಪಂದವಾಯಿತು. ಬೆಟ್ಟದಿಂದ ಇಳಿದು ಬಂದವನು, ತೋಳಗಳ ಊಳು ಹಂಸಗಳ ದನಿಯ ಮುಂದೆ ಅಸಹ್ಯ ಎಂದ. ಕಡಲಿಗೆ ಬಂದವಳು, ಹಕ್ಕಿಗಳ ಕಿರುಚಾಟಕ್ಕೆ ನಿದ್ದೆಯೇ ಇಲ್ಲ, ಬೆಳಗಾದರೆ ಕಡಲಕ್ಕಿ ಬಂದು ಎಬ್ಬಿಸುತ್ತದೆ ಎಂದಳು. ಹಿಮಜಾರು ಹಲಗೆ ಕಟ್ಟಿಕೊಂಡು, ಬಿಲ್ಲು ಹಿಡಿದು ತವರಿಗೆ ಹೋದಳು.

ಬರ್ಗನ್ ಮಳೆ
ಬೆಳಗಿನ ಜಾವ ನಾಲ್ಕು ಗಂಟೆಗೆ ಇಲ್ಲಿನ ಕಡಲಕ್ಕಿಗಳ ಗದ್ದಲ ಕೇಳಿದವರು ಯಾರೂ ಸ್ಕಾಡಿಯನ್ನು ತಪ್ಪೆನ್ನಲಾರರು. ನನ್ನ ಹೆಂಡತಿ ಮಲೆನಾಡಿನವಳು, ಅವಳ ಮತ ಸ್ಕಾಡಿಗೆ.

ಎರಡನೇ ಸಾಲು
"ಎರಡು ಮಕ್ಕಳ ತಂದೆ" ಎಂದು ಗಣಪ ಅವರು ನಯವಾಗಿ ದಾಟಿಸಿಬಿಟ್ಟರು. ಆ ಮಕ್ಕಳು ಫ್ರೇಯರ್ ಮತ್ತು ಫ್ರೇಯಾ. ತಾಯಿ ಯಾರು? ನ್ಯೋರ್ಡನ ಸ್ವಂತ ತಂಗಿ ಎಂದು ಲೋಕಿ ಏಗಿರನ ಔತಣದಲ್ಲಿ ಎಲ್ಲರ ಮುಂದೆ ಹಂಗಿಸುತ್ತಾನೆ. ವಾನಿರ್ ಕುಲದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ, ಏಸಿರರಲ್ಲಿ ನಿಷಿದ್ಧ ಎಂದು ಸ್ನೋರಿ ಸಮಜಾಯಿಷಿ ಕೊಡುತ್ತಾನೆ. ತಂಗಿಯ ಹೆಸರನ್ನು ಮಾತ್ರ ಹೇಳುವುದಿಲ್ಲ.

ತಾಳೆಗರಿ
ಆ ಹೆಸರಿನ ಜಾಡು ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಕ್ರಿ.ಶ. 98ರಲ್ಲಿ ರೋಮಿನ ಇತಿಹಾಸಕಾರ ಟಾಸಿಟಸ್ ಜರ್ಮನಿಯ ಬುಡಕಟ್ಟುಗಳ ಬಗ್ಗೆ ಬರೆಯುತ್ತ, ಏಳು ಬುಡಕಟ್ಟುಗಳು ಸೇರಿ ನೆರ್ಥಸ್ ಎಂಬ ಭೂಮಿತಾಯಿಯನ್ನು ಪೂಜಿಸುತ್ತವೆ ಎನ್ನುತ್ತಾನೆ. ಕಡಲ ನಡುವಿನ ದ್ವೀಪವೊಂದರಲ್ಲಿ ಪವಿತ್ರ ತೋಪು, ಅಲ್ಲಿ ಬಟ್ಟೆ ಮುಚ್ಚಿದ ಬಂಡಿ. ಪೂಜಾರಿಯ ಹೊರತು ಯಾರೂ ಮುಟ್ಟುವಂತಿಲ್ಲ. ದೇವಿ ಬಂಡಿಗೆ ಬಂದಳೆಂದು ತಿಳಿದಾಗ ಹಸುಗಳನ್ನು ಕಟ್ಟಿ ಊರೂರು ಮೆರವಣಿಗೆ. ಆ ದಿನಗಳಲ್ಲಿ ಯುದ್ಧವಿಲ್ಲ, ಕಬ್ಬಿಣದ ವಸ್ತುಗಳೆಲ್ಲ ಬೀಗದೊಳಗೆ. ಕೊನೆಗೆ ಬಂಡಿಯನ್ನೂ ಬಟ್ಟೆಯನ್ನೂ ದೇವಿಯನ್ನೂ ಗುಪ್ತವಾದ ಕೆರೆಯಲ್ಲಿ ತೊಳೆಯುತ್ತಾರೆ. ತೊಳೆಯುವ ಕೆಲಸ ಮಾಡಿದ ಗುಲಾಮರನ್ನು ಅದೇ ಕೆರೆ ನುಂಗುತ್ತದೆ.

ಈಗ ಭಾಷೆಯ ವಿಚಾರ. ನೆರ್ಥಸ್ ಎಂಬ ಪದ ಸಾವಿರ ವರ್ಷ ಸವೆದರೆ ಉತ್ತರದಲ್ಲಿ ನ್ಯೋರ್ಡ್ ಎಂದೇ ಆಗುತ್ತದೆ. ಆದರೆ ಟಾಸಿಟಸನಲ್ಲಿ ಹೆಣ್ಣು, ಸ್ನೋರಿಯಲ್ಲಿ ಗಂಡು. ಫ್ರೇಯರ್–ಫ್ರೇಯಾ ಜೋಡಿಯ ಹಾಗೆ ಒಂದೇ ಹೆಸರಿನ ಅಣ್ಣ ತಂಗಿ ಇದ್ದಿರಬೇಕು, ಹೆಸರಿಲ್ಲದ ಆ ತಂಗಿ ಇವಳೇ ಎಂಬುದು ಹಲವು ವಿದ್ವಾಂಸರ ಮತ. ನನಗೂ ಅದೇ ಸರಿಯೆನಿಸುತ್ತದೆ. ನೆಲವೂ ನೀರೂ ಒಂದೇ ಮನೆಯವು ಎಂದಾದರೆ ಅರ್ಧ ಅಂಕ ಅವರ ಎರಡನೆಯ ಪ್ರಶ್ನೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಎರಡನೇ ಸಾಲು
ಒಪ್ಪಲು ಕಷ್ಟ. ಟಾಸಿಟಸ್ ಬರೆದದ್ದು ಡೆನ್ಮಾರ್ಕಿನ ಸುತ್ತಮುತ್ತಲಿನ ವಿಷಯ, ಸ್ನೋರಿ ಬರೆದದ್ದು ಐಸ್‌ಲ್ಯಾಂಡಿನಲ್ಲಿ ಕುಳಿತು, ಊರೆಲ್ಲ ಕ್ರೈಸ್ತವಾಗಿ ಇನ್ನೂರು ವರ್ಷವಾದ ಮೇಲೆ. ನಡುವೆ ಸಾವಿರದ ನೂರು ವರ್ಷ. ಒಂದು ಹೆಸರು ಹೊಂದಿತೆಂದು ಅಷ್ಟು ಉದ್ದದ ಸೇತುವೆ ಕಟ್ಟುವುದೇ? ಅದೂ ಆ ಹೆಸರು ಹಸ್ತಪ್ರತಿಗಳಲ್ಲಿ ಬೇರೆ ಬೇರೆ ರೂಪದಲ್ಲಿದೆ.

ಹೆರ್ತಾ ಅಭಿಮಾನಿ
ನನ್ನ ಹೆಸರು ಕಂಡವರು ನಗಬೇಡಿ, ನಾನು ಫುಟ್‌ಬಾಲ್ ಕಾರಣಕ್ಕೆ ಈ ಚರ್ಚೆಗೆ ಬಂದವನು. ಆ ಬೇರೆ ಬೇರೆ ರೂಪಗಳಲ್ಲಿ ಒಂದು "ಹೆರ್ತಾ". ತಪ್ಪು ಓದು, ಆದರೆ ಜರ್ಮನಿಯಲ್ಲಿ ಜನಪ್ರಿಯವಾಯಿತು. ರ‍್ಯೂಗೆನ್ ದ್ವೀಪದಲ್ಲಿ ಹೆರ್ತಾ ಕೆರೆಯೇ ಇದೆ. ಹೆಣ್ಣುಮಕ್ಕಳಿಗೆ ಹೆಸರಾಯಿತು, ಹಡಗುಗಳಿಗೂ ಹೆಸರಾಯಿತು. 1892ರಲ್ಲಿ ಬರ್ಲಿನ್ನಿನ ಹುಡುಗರು ಕ್ಲಬ್ ಕಟ್ಟಿದಾಗ ಹೆರ್ತಾ ಎಂಬ ಹಡಗಿನ ಹೆಸರನ್ನೇ ಇಟ್ಟರು. ಎರಡು ಸಾವಿರ ವರ್ಷದ ಹಿಂದಿನ ದೇವಿಯ ಹೆಸರು, ನಕಲುಗಾರನ ಕೈತಪ್ಪಿನಿಂದ ಕ್ರೀಡಾಂಗಣ ಸೇರಿತು. ತಂಡ ಸೋತಾಗಲೆಲ್ಲ ಆ ಗುಲಾಮರ ನೆನಪಾಗುತ್ತದೆ.

ಬರ್ಗನ್ ಮಳೆ
ಎರಡನೇ ಸಾಲು ಅವರಿಗೆ: ಹೆಸರು ಒಂದೇ ಅಲ್ಲ, ಊರುಗಳೂ ಇವೆ. ಐಸ್‌ಲ್ಯಾಂಡಿನ ಕೆಫ್ಲಾವಿಕ್ ವಿಮಾನ ನಿಲ್ದಾಣದ ಹತ್ತಿರ ನ್ಯಾರ್ಡ್‌ವಿಕ್ ಇದೆ, ನ್ಯೋರ್ಡನ ಕೊಲ್ಲಿ. ಅದು ಕಡಲಂಚಿನಲ್ಲಿರುವುದು ಸಹಜ. ಆದರೆ ಸ್ವೀಡನ್ನಿನ ಲಿನ್‌ಶೋಪಿಂಗ್ ಊರಿನಲ್ಲಿ ಮ್ಯಾರ್ದೆವಿ ಎಂಬ ಜಾಗವಿದೆ. ಈಗ ಅಲ್ಲಿ ತಂತ್ರಜ್ಞಾನ ಕಂಪನಿಗಳು ತುಂಬಿವೆ. ಆ ಹೆಸರಿನ ಮೂಲ ನ್ಯೋರ್ಡನ ಪವಿತ್ರ ಸ್ಥಳ ಎನ್ನುತ್ತಾರೆ, ಇಲ್ಲ ಅದೇ ಹೆಸರಿನ ದೇವಿಯದು ಎನ್ನುವವರೂ ಇದ್ದಾರೆ. ಯಾರದೇ ಆಗಲಿ, ಅದು ಒಳನಾಡು, ಹೊಲಗಳ ಸೀಮೆ. ಬರೀ ಕಡಲ ದೇವರಾಗಿದ್ದರೆ ಅಲ್ಲೇನು ಕೆಲಸ?

ಮಲೆನಾಡ ಇಬ್ಬನಿ
ನಾನು ಹೊಸಬ. ಇದೆಲ್ಲ ನಮ್ಮ ವರುಣನೇ ಅಲ್ಲವೇ? ನೀರಿಗೂ ಅವನೇ, ಮಳೆಗೂ ಅವನೇ, ಬೆಳೆಗೂ ಅವನೇ. ನಮ್ಮಿಂದಲೇ ಹೋಗಿರಬೇಕು.

ಎರಡನೇ ಸಾಲು
ಪ್ರತಿಯೊಂದು ಚರ್ಚೆಯಲ್ಲೂ ಇಪ್ಪತ್ತನೆಯ ಪ್ರತಿಕ್ರಿಯೆಯ ಹೊತ್ತಿಗೆ "ನಮ್ಮಿಂದಲೇ ಹೋಗಿರಬೇಕು" ಬರುತ್ತದೆ. ಗಡಿಯಾರ ಹೊಂದಿಸಿಕೊಳ್ಳಬಹುದು.

ತಾಳೆಗರಿ
ಹೊಸಬರನ್ನು ಹೀಗೆ ಹೆದರಿಸಬೇಡಿ. ಇಬ್ಬನಿಯವರೇ, ಹೋಲಿಕೆ ಹುಡುಕಿದವರಲ್ಲಿ ನೀವು ಮೊದಲಿಗರಲ್ಲ. ಫ್ರಾನ್ಸಿನ ವಿದ್ವಾಂಸ ಜಾರ್ಜ್ ಡ್ಯುಮೆಝಿಲ್ ಇಡೀ ಜೀವನ ಇದನ್ನೇ ಮಾಡಿದರು. ಆದರೆ ಅವರ ಲೆಕ್ಕದಲ್ಲಿ ವರುಣನ ಜಾಗದಲ್ಲಿ ನಿಲ್ಲುವವನು ಓಡಿನ್, ಮಾಯೆ ಬಲ್ಲ ಅರಸು. ನ್ಯೋರ್ಡ್, ಫ್ರೇಯರ್ ನಿಲ್ಲುವುದು ಅಶ್ವಿನೀ ದೇವತೆಗಳ ಪಕ್ಕದಲ್ಲಿ. ಆರೋಗ್ಯ, ಸಂತಾನ, ಸಿರಿ ಕೊಡುವವರು, ಹೊರಗಿನವರೆಂದು ಮೊದಲು ದೂರವಿಟ್ಟು ಆಮೇಲೆ ಪಂಕ್ತಿಗೆ ಸೇರಿಸಿಕೊಂಡವರು. ಅಶ್ವಿನಿಗಳಿಗೆ ಸೋಮಪಾನದಲ್ಲಿ ಪಾಲು ಕೊಡಲು ಇಂದ್ರ ಒಪ್ಪದೆ ಚ್ಯವನ ಋಷಿಯ ಜೊತೆ ಜಗಳವಾದದ್ದು ನೆನಪಿಸಿಕೊಳ್ಳಿ. ಡ್ಯುಮೆಝಿಲರ ಸಿದ್ಧಾಂತವನ್ನು ಎಲ್ಲರೂ ಒಪ್ಪುವುದಿಲ್ಲ. ಆದರೂ ಅದು ಇಲ್ಲಿಂದ ಅಲ್ಲಿಗೆ ಹೋದ ಕಥೆಯಲ್ಲ, ಎರಡೂ ಕಡೆಗೆ ಒಂದೇ ಹಳೆಯ ಅಡುಗೆಮನೆಯಿಂದ ಪಾತ್ರೆ ಬಂದಿರಬಹುದು ಎಂಬ ವಾದ.

ಮಲೆನಾಡ ಇಬ್ಬನಿ
ಧನ್ಯವಾದ ಸರ್. ಬೈಸಿಕೊಂಡರೂ ಹೊಸದೊಂದು ತಿಳಿಯಿತು.

ಚುಕ್ಕಿಬಳ್ಳಿ
"ಫಲವಂತಿಕೆಯ ದೇವರು" ಎಂಬ ಹಣೆಪಟ್ಟಿಯ ಮೇಲೆಯೇ ನನಗೆ ತಕರಾರಿದೆ. ಅದು ಹೊರಗಿನವರು ಆಮೇಲೆ ಅಂಟಿಸಿದ್ದು. ನಾರ್ಸ್ ಜನ ಬಳಸುತ್ತಿದ್ದ ಮಾತು "ಆರ್ ಓಕ್ ಫ್ರಿದ್ರ್". ಫ್ರಿದ್ರ್ ಎಂದರೆ ಶಾಂತಿ. ಆರ್ ಎಂದರೆ ವರ್ಷ, ಅದೇ ಪದಕ್ಕೆ ಒಳ್ಳೆಯ ಬೆಳೆ ಎಂದೂ ಅರ್ಥ. ನಮಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ: "ವರ್ಷ" ಎಂದರೆ ನಮ್ಮಲ್ಲಿ ಮಳೆಯೂ ಹೌದು, ಸಂವತ್ಸರವೂ ಹೌದು. ಮಳೆಯನ್ನು ನಂಬಿದವರಿಗೆ ಮಳೆಯೇ ವರ್ಷ, ಬೆಳೆಯನ್ನು ನಂಬಿದವರಿಗೆ ಬೆಳೆಯೇ ವರ್ಷ.

ನಾರ್ವೆಯ ಹ್ಲಾದಿರ್ ಎಂಬಲ್ಲಿ ಬಲಿ ಹಬ್ಬದಲ್ಲಿ ಮೊದಲ ಬಟ್ಟಲು ಓಡಿನ್‌ಗೆ, ಅರಸನ ಗೆಲುವಿಗಾಗಿ. ಆಮೇಲೆ ನ್ಯೋರ್ಡ್ ಮತ್ತು ಫ್ರೇಯರ್‌ಗೆ, ಆರ್ ಮತ್ತು ಫ್ರಿದ್ರ್‌ಗಾಗಿ. ಹೀಗೆಂದು ಸ್ನೋರಿ ಬರೆದಿದ್ದಾನೆ. ಒಳ್ಳೆಯ ವರ್ಷದಲ್ಲಿ ಹೊಲ, ಹಸು, ಮೀನು, ಹೊಟ್ಟೆಯ ಕೂಸು ಎಲ್ಲವೂ ಬಂದುಬಿಡುತ್ತವೆ. ಕಡಲು ಬೇರೆ, ಫಲ ಬೇರೆ ಎಂದು ಎರಡು ಡಬ್ಬಿ ಮಾಡಿದವರು ಕೋಷ್ಟಕ ಬರೆಯುವವರು.

ಅರ್ಧ ಅಂಕ
ಇದು ನನ್ನ ಪ್ರಶ್ನೆಗೆ ಸಿಕ್ಕ ಉತ್ತರ. "ವರ್ಷ" ಎಂಬ ಪದವನ್ನು ದಿನವೂ ಬಳಸುತ್ತೇನೆ, ಹೀಗೆಂದು ಹೊಳೆದಿರಲಿಲ್ಲ.

ಮಗ ಫ್ರೇಯರನಿಗೂ ಕಡಲಿಗೂ ಸಂಬಂಧ ಇದೆಯೇ?

ಬರ್ಗನ್ ಮಳೆ
ಹಡಗಿದೆಯಲ್ಲ! ಸ್ಕಿದ್‌ಬ್ಲಾದ್ನಿರ್. ಹಾಯಿ ಏರಿಸಿದ ಕೂಡಲೇ ಅನುಕೂಲ ಗಾಳಿ ಬೀಸುತ್ತದೆ, ದೇವರುಗಳೆಲ್ಲ ಆಯುಧ ಸಮೇತ ಅದರಲ್ಲಿ ಹಿಡಿಸುತ್ತಾರೆ, ಕೆಲಸ ಮುಗಿದ ಮೇಲೆ ಬಟ್ಟೆಯಂತೆ ಮಡಚಿ ಚೀಲದಲ್ಲಿ ಇಟ್ಟುಕೊಳ್ಳಬಹುದು.

ಗೊರಕೆ ಗಣಪ
ವಿಮಾನದಲ್ಲಿ ಕೈಚೀಲದ ತೂಕ ಏಳು ಕೆಜಿ ಮೀರದಿದ್ದರೆ ಸರಿ.

ತಾಳೆಗರಿ
ಫ್ರೇಯರನ ವಿಷಯಕ್ಕೆ ಬಂದರೆ ಸ್ವೀಡನ್ನೇ ಅವನ ತವರು. 1070ರ ದಶಕದಲ್ಲಿ ಬ್ರೆಮೆನ್ನಿನ ಆಡಂ ಎಂಬ ಪಾದ್ರಿ ಉಪ್ಸಾಲಾದ ಗುಡಿಯ ಬಗ್ಗೆ ಬರೆಯುತ್ತಾನೆ. ನಡುವೆ ಥಾರ್, ಆಚೀಚೆ ಓಡಿನ್ ಮತ್ತು ಫ್ರಿಕ್ಕೊ. ಫ್ರಿಕ್ಕೊ ಎಂದರೆ ಫ್ರೇಯರ್, ಅವನ ಮೂರ್ತಿಗೆ ಬೃಹತ್ತಾದ ಲಿಂಗ. ಮದುವೆಯಿದ್ದರೆ ಬಲಿ ಅವನಿಗೆ. ಆಡಂ ಸ್ವತಃ ನೋಡಿದವನಲ್ಲ, ಕೇಳಿ ಬರೆದವನು. 1904ರಲ್ಲಿ ಸ್ವೀಡನ್ನಿನ ರೆಲ್ಲಿಂಗೆ ಎಂಬಲ್ಲಿ ಏಳು ಸೆಂಟಿಮೀಟರಿನಷ್ಟು ಎತ್ತರದ ಕಂಚಿನ ಗೊಂಬೆ ಸಿಕ್ಕಿತು. ಚೂಪು ಟೊಪ್ಪಿಗೆ, ಕೈಯಲ್ಲಿ ಗಡ್ಡ, ಉಳಿದದ್ದು ಆಡಂ ಹೇಳಿದ ಹಾಗೆಯೇ. ಫ್ರೇಯರನೇ ಎಂದು ಬಹಳ ಕಾಲ ನಂಬಿದ್ದರು, ಈಗ ಅನುಮಾನಿಸುವವರೂ ಇದ್ದಾರೆ.

ಎರಡನೇ ಸಾಲು
ಫ್ರೇಯರನ ಬಂಡಿಯ ಕಥೆ ಹೇಳದೆ ಹೋದರೆ ಅನ್ಯಾಯ. ಗುನ್ನಾರ್ ಎಂಬ ನಾರ್ವೆಯವನು ಕೊಲೆಯ ಆರೋಪ ಬಂದು ಸ್ವೀಡನ್ನಿಗೆ ಓಡಿದ. ಅಲ್ಲಿ ಫ್ರೇಯರನ ಮರದ ಮೂರ್ತಿಯನ್ನು ಬಂಡಿಯಲ್ಲಿಟ್ಟು ಊರೂರು ಕರೆದೊಯ್ಯುತ್ತಿದ್ದರು. ಜೊತೆಗೆ ದೇವರ ಹೆಂಡತಿ ಎನಿಸಿಕೊಂಡ ಯುವತಿ. ಹಿಮಗಾಳಿ ಎದ್ದಿತು, ಎಲ್ಲರೂ ಚದುರಿದರು, ಉಳಿದದ್ದು ಗುನ್ನಾರ್, ಯುವತಿ, ದೇವರು. ದಣಿದ ಗುನ್ನಾರ್ ಬಂಡಿ ಹತ್ತಿ ಕುಳಿತ. ಮೂರ್ತಿ ಎದ್ದು ಮೈಮೇಲೆ ಬಿತ್ತು, ಕುಸ್ತಿಯಾಯಿತು. ಗೆದ್ದ ಗುನ್ನಾರ್ ಮೂರ್ತಿಯ ಉಡುಪು ತೊಟ್ಟು ಅದರ ಜಾಗದಲ್ಲಿ ತಾನೇ ಕುಳಿತ.

ಊರಿನವರಿಗೆ ಪರಮಾಶ್ಚರ್ಯ. ದೇವರು ಉಣ್ಣುತ್ತಾನೆ, ಕುಡಿಯುತ್ತಾನೆ! ಮಾತು ಕಡಿಮೆ. ಪ್ರಾಣಿಬಲಿ ಬೇಡ, ಚಿನ್ನ ಬೆಳ್ಳಿ ಒಳ್ಳೆಯ ಬಟ್ಟೆ ಸಾಕು ಎನ್ನುತ್ತಾನೆ. ಕೆಲವು ತಿಂಗಳಿಗೆ ದೇವರ ಹೆಂಡತಿ ಬಸುರಿ. ಜನ ಕುಣಿದಾಡಿದರು, ಆ ವರ್ಷ ಹವೆಯೂ ಚೆನ್ನಾಗಿತ್ತು, ಅಂಥ ಬೆಳೆಯನ್ನು ಕಂಡವರೇ ಇಲ್ಲ. ಕೊನೆಗೆ ಗುನ್ನಾರ್ ಹೆಂಡತಿಯನ್ನೂ ಗಂಟನ್ನೂ ಕಟ್ಟಿಕೊಂಡು ರಾತ್ರೋರಾತ್ರಿ ನಾರ್ವೆಗೆ ಪರಾರಿ. ಕ್ರೈಸ್ತರು ಸ್ವೀಡನ್ನಿನವರನ್ನು ಗೇಲಿ ಮಾಡಲು ಕಟ್ಟಿದ ಕಥೆ, ಸಂಶಯವಿಲ್ಲ.

ತಾಳೆಗರಿ
ಗೇಲಿಯೇ ಇರಲಿ, ಬಂಡಿ ಅದೇ ಅಲ್ಲವೇ? ಟಾಸಿಟಸನಲ್ಲಿ ನೆರ್ಥಸ್ ಕುಳಿತದ್ದೂ ಬಂಡಿ, ಇಲ್ಲಿ ಫ್ರೇಯರ್ ಕುಳಿತದ್ದೂ ಬಂಡಿ. ಊರೂರು ಸುತ್ತುವುದು, ಒಳ್ಳೆಯ ಬೆಳೆ ತರುವುದು ಎರಡೂ ಕಡೆ ಇದೆ. ಸಾವಿರದ ನೂರು ವರ್ಷದ ಸೇತುವೆ ಎಂದಿರಿ. ನೀವೇ ಈಗ ಅದರ ಮೇಲೆ ಬಂಡಿ ಓಡಿಸಿದಿರಿ.

ಎರಡನೇ ಸಾಲು
ಇದು ಮೋಸ. ಯೋಚಿಸಿ ಉತ್ತರಿಸುತ್ತೇನೆ.

ಉಪ್ಪುಗಾಳಿ
ಚರ್ಚೆಯಲ್ಲಿ ಒಂದು ಬಿಟ್ಟುಹೋಗಿದೆ. ಏಗಿರ್ ಮತ್ತು ರಾನ್‌ಗೆ ಮಕ್ಕಳಿಲ್ಲವೇ?

ಚುಕ್ಕಿಬಳ್ಳಿ
ಒಂಬತ್ತು ಹೆಣ್ಣುಮಕ್ಕಳು, ಒಂಬತ್ತೂ ಅಲೆಗಳೇ! ನಾನು ಅವರ ಹೆಸರುಗಳನ್ನು ಕನ್ನಡಕ್ಕೆ ತರಲು ಒದ್ದಾಡುತ್ತಿದ್ದೇನೆ. ಹಿಮಿಂಗ್ಲೇವ ಎಂದರೆ ಒಳಗೆ ಆಕಾಶ ಕಾಣುವ ತಿಳಿಯಲೆ, ಅದಕ್ಕೆ "ಬಾನ್ಗನ್ನಡಿ" ಎಂದಿದ್ದೇನೆ. ಬ್ಲೋದುಗ್‌ಹದ್ದ ಎಂದರೆ ರಕ್ತದ ಕೂದಲಿನವಳು, "ನೆತ್ತರ್ಗೂದಲಿ". ದೂಫ "ಮುಳುಕಿ", ಹೆಫ್ರಿಂಗ್ "ಏರಿಕೆ", ದ್ರೋಫ್ನ್ "ನೊರೆಗಿತ್ತಿ". ಕೋಲ್ಗ ಎಂದರೆ ತಣ್ಣನೆಯವಳು, ಹಳಗನ್ನಡದ "ಕುಳಿರ್" ಹಿಡಿದು "ಕುಳಿರಿ" ಮಾಡಿದೆ.

ಮಲೆನಾಡ ಇಬ್ಬನಿ
ಕೋಲ್ಗ, ಕುಳಿರ್... ನಾನೇನೂ ಹೇಳುವುದಿಲ್ಲ.

ಎರಡನೇ ಸಾಲು
ಹೇಳಬೇಡಿ.

ಚುಕ್ಕಿಬಳ್ಳಿ
ಉಳಿದದ್ದು ಮೂರು: ಉದ್ರ್, ಹ್ರೋನ್, ಬಿಲ್ಗ್ಯ. ಮೂರಕ್ಕೂ ಅಲೆ ಎಂದೇ ಅರ್ಥ. ಅಲೆ, ತೆರೆ ಎಂದು ಎರಡಕ್ಕೆ ಇಟ್ಟೆ. ಬಿಲ್ಗ್ಯ ಉಬ್ಬಿ ಬರುವ ದೊಡ್ಡದು, ಅದಕ್ಕೆ ಪದ ಸಿಗುತ್ತಿಲ್ಲ.

ತಾಳೆಗರಿ
"ಕಲ್ಲೋಲೆ"?

ಉಪ್ಪುಗಾಳಿ
ಬೇಡ ಸರ್, ಅದು ಪುಸ್ತಕದ ಅಲೆ, ಯಾರ ಕಾಲನ್ನೂ ನೆನೆಸುವುದಿಲ್ಲ. "ಹೆದ್ದೆರೆ" ಎನ್ನಿ.

ಗೊರಕೆ ಗಣಪ
ಹೆದ್ದೆರೆಗೆ ನನ್ನ ಮತ. ಅರ್ಧ ಅಂಕ ಅವರೇ, ಕುಕ್ಕರ್ ಗೆದ್ದವರ ಮನೆಯಿಂದ ಸಾರಿನ ವಾಸನೆ ಬರುತ್ತಿದೆಯೇ?

ಅರ್ಧ ಅಂಕ
ಬರುತ್ತಿದೆ. ನಿನ್ನೆ ಒಂದು ಬಟ್ಟಲು ಕೊಟ್ಟೂ ಹೋದರು. ಉಪ್ಪು ಜಾಸ್ತಿ.